ಎರಡು ಸೀಟಿನ ಕಾರು, 90 ಸೆಂಟು ಮಳೆ

ಮಾರ್ಚ್ ತಿಂಗಳ ಮೊದಲ ವಾರ ನಮ್ಮ ಕೊಡಗಿನಲ್ಲಿ ಯಾರೂ ಕಾರು ಕೊಳ್ಳಲು ಹೋಗುವುದಿಲ್ಲ. ಎಲ್ಲರ ಕಣ್ಣೂ ಆಕಾಶದ ಮೇಲೆ. ರೊಬಸ್ಟಾ ಕಾಫಿ ಗಿಡಗಳು ಮೊಗ್ಗು ಕಟ್ಟಿ ನಿಂತಿರುತ್ತವೆ, ಅವು ಅರಳಲು ಹೂಮಳೆ ಬರಬೇಕು. ಬರದಿದ್ದರೆ ಕೆರೆಗೆ ಪೈಪು ಇಳಿಸಿ ಸ್ಪ್ರಿಂಕ್ಲರ್ ತಿರುಗಿಸಬೇಕು. ನನ್ನ 5 ಎಕರೆಯ ಹಳೆಯ ಪಂಪ್‌ಸೆಟ್ ಹಿಂದಿನ ವರ್ಷವೇ ಕೈಕೊಟ್ಟಿತ್ತು. ಹೊಸ ಪಂಪ್‌ಸೆಟ್, ಪೈಪು, ಜೆಟ್ಟು ಎಲ್ಲ ಸೇರಿ 3 ಲಕ್ಷವೆಂದು ಗೋಣಿಕೊಪ್ಪದ ಅಂಗಡಿಯವರು ಚೀಟಿ ಬರೆದು ಕೊಟ್ಟಿದ್ದರು. ಬ್ಯಾಂಕಿನಲ್ಲಿ 11 ಲಕ್ಷವಿತ್ತು. ಎರಡು ವರ್ಷ ರೊಬಸ್ಟಾಗೆ ಬಂದ ಬೆಲೆಯ ಪುಣ್ಯ ಅದು, ಮೇಷ್ಟರ ಸಂಬಳದಲ್ಲಿ ಉಳಿಸಿದ್ದಲ್ಲ. ಆ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು, ಒಂದು ಭಾನುವಾರ ಬೆಳಿಗ್ಗೆ, ಮೈಸೂರಿನಿಂದ ಬಂದಿದ್ದ ಮೆಕ್ಯಾನಿಕ್ ಉಸ್ತಾದರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪಾಲಿಬೆಟ್ಟದ ಹತ್ತಿರದ ಎಸ್ಟೇಟಿಗೆ ಹೊರಟೆ. 60 ವರ್ಷ ಹಳೆಯ ಟ್ರಯಂಫ್ ಸ್ಪಿಟ್‌ಫೈರ್ ಕಾರನ್ನು ನೋಡುವುದಕ್ಕೆ.

ಆ ಎಸ್ಟೇಟಿನಲ್ಲಿ ಅಪ್ಪ 27 ವರ್ಷ ರೈಟರ್ ಆಗಿದ್ದರು. ತೋಟದಲ್ಲಿ ರೈಟರ್ ಎಂದರೆ ಕಥೆ ಬರೆಯುವವರಲ್ಲ, ಚೆಕ್‌ರೋಲ್ ಬರೆಯುವವರು. ಯಾವ ಆಳು ಬಂದ, ಯಾರು ಎಷ್ಟು ಹಣ್ಣು ಕುಯ್ದರು, ಗೊಬ್ಬರ ಎಷ್ಟು ಮೂಟೆ, ಮಳೆ ಎಷ್ಟು ಸೆಂಟು, ಎಲ್ಲವೂ ಅವರ ಲೆಕ್ಕ. ನಮ್ಮ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ತೋಟದವರಿಗೆ ತಲೆಗೆ ಹತ್ತುವುದಿಲ್ಲ. ಇಂಚು, ಅದರ ಕೆಳಗೆ ಸೆಂಟು, 100 ಸೆಂಟಿಗೆ ಒಂದು ಇಂಚು. ಒಮ್ಮೆ ಹೂಮಳೆ 98 ಸೆಂಟು ಬಿದ್ದಾಗ ಸಾಹುಕಾರರು, "ಒಂದು ಇಂಚು ಎಂದು ಬರೆದುಬಿಡಿ ರೈಟರೇ, ಕಿವಿಗೆ ಚೆನ್ನಾಗಿರುತ್ತದೆ" ಎಂದರಂತೆ. ಅಪ್ಪ 98 ಎಂದೇ ಬರೆದರು. ಈ ಕಥೆಯನ್ನು ಮನೆಯಲ್ಲಿ ನೂರು ಸಲ ಕೇಳಿದ್ದೇನೆ.

ಕಾರು ಸಾಹುಕಾರರದು. ದೆಹಲಿಯ ಯಾವುದೋ ರಾಯಭಾರ ಕಚೇರಿಯವರು ಬಿಟ್ಟುಹೋದದ್ದನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಶನ್ ಮೂಲಕ ಕೊಂಡದ್ದು. ಆಗ ವಿದೇಶಿ ಕಾರು ಬೇಕೆಂದರೆ ಹೆಚ್ಚಾಗಿ ಅದೇ ದಾರಿ. 1979ರಲ್ಲಿ, ನನಗೆ 9 ವರ್ಷವಿದ್ದಾಗ, ಒಂದೇ ಒಂದು ಸಲ ಅದರಲ್ಲಿ ಕುಳಿತಿದ್ದೆ. ಜ್ವರ ಬಂದಿತ್ತು, ಜೀಪು ಎಲ್ಲಿಗೋ ಹೋಗಿತ್ತು, ಸಾಹುಕಾರರ ಹೆಂಡತಿ, ಬಂಗಲೆಯ ಅಮ್ಮನೇ ಕಾರು ತೆಗೆದು ನನ್ನನ್ನು ಅಮ್ಮತ್ತಿಯ ಆಸ್ಪತ್ರೆಗೆ ಕರೆದೊಯ್ದರು. ಆ ಕಾರಿನ ಮೀಟರುಗಳು ಚಾಲಕರ ಎದುರು ಇರುವುದಿಲ್ಲ, ಡ್ಯಾಶ್‌ಬೋರ್ಡಿನ ನಟ್ಟನಡುವೆ ಇರುತ್ತವೆ. ಸ್ಟೀರಿಂಗನ್ನು ಎಡಕ್ಕಾದರೂ ಬಲಕ್ಕಾದರೂ ಕೂರಿಸಲು ಅನುಕೂಲವಾಗಲಿ ಎಂದು ಕಾರ್ಖಾನೆಯವರು ಮಾಡಿದ್ದು. ನನಗೆ ಆಗ ಅದೆಲ್ಲ ಏನು ಗೊತ್ತು? ಸ್ಪೀಡೋಮೀಟರಿನ ಮುಳ್ಳು ನನಗೆ ಕಾಣಲೆಂದೇ ಅಲ್ಲಿದೆ ಎಂದುಕೊಂಡಿದ್ದೆ. 60ರ ಹತ್ತಿರ ಅದು ನಡುಗುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜ್ವರವೂ ಇತ್ತಲ್ಲ, ಅದರ ಪಾಲೂ ಇರಬಹುದು.

ಸಾಹುಕಾರರು ತೀರಿಕೊಂಡು ವರ್ಷಗಳಾದವು. ಮಗ ಹೊರದೇಶದಲ್ಲಿದ್ದಾನೆ. ಅಮ್ಮನಿಗೆ ಈಗ 78. ಜನವರಿಯಲ್ಲಿ ಅವರೇ ಫೋನ್ ಮಾಡಿ, "ರೈಟರ ಮಗನೇ, ಕಾರು ಮಾರುತ್ತಿದ್ದೇನೆ. ಬೆಂಗಳೂರಿನವರು ಕೇಳಿದ್ದಾರೆ. ನಿನಗೆ ಬೇಕಿದ್ದರೆ 9 ಲಕ್ಷ. ಯುಗಾದಿಯೊಳಗೆ ಹೇಳು" ಎಂದಿದ್ದರು.

ಎರಡು ತಿಂಗಳು ನಾನು ಮಾಡಿದ್ದು ಲೆಕ್ಕ. ವಿರಾಜಪೇಟೆಯ ಏಜೆಂಟರೊಬ್ಬರು ನಿಯಮ ತಿಳಿಸಿದರು. 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಎಂದು ಕೇಂದ್ರ ಸರ್ಕಾರ 2021ರಲ್ಲಿ ಬೇರೆಯದೇ ವ್ಯವಸ್ಥೆ ಮಾಡಿದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ನವೀಕರಣಕ್ಕೆ 5,000. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಮನೆಯಲ್ಲಿ ಹೇಳಿದಾಗ ಹೆಂಡತಿ, "ದಿನಾ ಪೆಟ್ರೋಲ್ ಹಾಕಿಸಲು ಹೋಗಿ ಬನ್ನಿ, ಅರ್ಧ ಲೀಟರಿನಂತೆ" ಎಂದಳು. ಅವಳು ಬೇಡವೆನ್ನಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಎಲ್ಲಿ ನಿಲ್ಲುತ್ತದೆ? ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಮನೆಯಲ್ಲಿ ನೆನೆಯದ, ಬೆಚ್ಚಗಿನ ಜಾಗ ಎಂದರೆ ಕರಿಮೆಣಸಿನ ಮೂಟೆ ಇಡುವ ಕೋಣೆ. ಅದರ ಬಾಗಿಲು ಮೂರಡಿ.

ಉಸ್ತಾದರು ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳಲ್ಲೇ ಕೈ ಪಳಗಿಸಿಕೊಂಡವರು. ನಾನು ಅವರನ್ನು ಹುಡುಕಿಕೊಂಡು ಹೋದದ್ದೇ ಅದಕ್ಕೆ. ಸ್ಪಿಟ್‌ಫೈರ್ ಎಂದರೆ ಯುದ್ಧವಿಮಾನದ ಹೆಸರು ಇಟ್ಟುಕೊಂಡ ಹೆರಾಲ್ಡ್‌ನ ತಮ್ಮ. ಚಾಸಿಯನ್ನು ಗಿಡ್ಡ ಮಾಡಿ, ಮಿಕೆಲೊಟ್ಟಿ ಎಂಬ ಇಟಲಿಯವನಿಂದಲೇ ಮೈ ಬರೆಸಿ, 1962ರಲ್ಲಿ ಹೊರತಂದರು. 1147 ಸಿಸಿ ಇಂಜಿನ್, 63 ಅಶ್ವಶಕ್ತಿ, ಎರಡು ಕಾರ್ಬುರೇಟರ್. ಇವತ್ತಿನ ಸಣ್ಣ ಕಾರುಗಳೂ ಅದನ್ನು ಹಿಂದೆ ಹಾಕುತ್ತವೆ. ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎಂದು, ಶೆಡ್ಡಿನ ಟಾರ್ಪಾಲು ಸರಿಸಿದ ಕ್ಷಣ ಗೊತ್ತಾಯಿತು. ಕೆಂಪು ಬಣ್ಣ ಮಾಸಿ ಒಣಗಿದ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ಚಿಕ್ಕದು! ನನ್ನ ಸೊಂಟದಷ್ಟೂ ಎತ್ತರವಿಲ್ಲವೇನೋ ಎನಿಸಿತು. ಸಿದ್ದಾಪುರದ ಕಡೆ ರಾತ್ರಿ ಒಂಟಿ ಸಲಗ ಎದುರಾದರೆ ಅದರ ಹೊಟ್ಟೆಯ ಕೆಳಗೇ ದಾಟಿಕೊಂಡು ಬರಬಹುದು.

ಉಸ್ತಾದರಿಗೆ ಇಂಥ ಭಾವನೆಗಳೇನೂ ಬರಲಿಲ್ಲ. ಬಾನೆಟ್ ಎತ್ತಿದರು. ಅದು ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಬಗ್ಗುವಂಥದ್ದು. ಟೈರಿನ ಮೇಲೆ ಕುಳಿತು ಕೆಲಸ ಮಾಡಬಹುದು. ಒಳಗೆ ತಗಡಿನ ಪಟ್ಟಿಯ ಮೇಲಿನ ನಂಬರು ಎಫ್‌ಸಿ ಎಂದು ಶುರುವಾಗಿತ್ತು, ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೂ ನಮ್ಮಲ್ಲಿ ಅದೇ ಹೆಸರು. "ಸಾರ್, ಎಫ್‌ಸಿ ಹುಟ್ಟಿನಿಂದಲೇ ಬಂದಿದೆ, ಆರ್‌ಟಿಒ ಕಚೇರಿಯವರಿಗೆ ತೋರಿಸಿ" ಎಂದು ನಕ್ಕರು. ಅವರು ಆ ದಿನ ನಕ್ಕದ್ದು ಅದೊಂದೇ ಸಲ. ಒಂದು ತುಂಡು ರಬ್ಬರ್ ಪೈಪನ್ನು ಕಿವಿಗೆ ಹಚ್ಚಿ, ಇನ್ನೊಂದು ತುದಿಯನ್ನು ಮೊದಲು ಈ ಕಾರ್ಬುರೇಟರಿನ ಬಾಯಿಗೆ, ಆಮೇಲೆ ಆ ಕಾರ್ಬುರೇಟರಿನ ಬಾಯಿಗೆ ಹಿಡಿದು ಉಸಿರು ಸರಿಸಮ ಇದೆಯೇ ಎಂದು ಕೇಳಿದರು. ಇಂಜಿನ್ ಪರವಾಗಿಲ್ಲ. ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಬೇಕು, ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಆ ಕಾಲದ ರಬ್ಬರನ್ನು ತಿಂದುಹಾಕುತ್ತದೆ.

ಆಮೇಲೆ ಮುಂದಿನ ಚಕ್ರದ ಬಳಿ ಮಲಗಿದರು. ಅಲ್ಲಿ ಕೆಳಗೆ ಹಿತ್ತಾಳೆಯ ಬಣ್ಣದ ಒಂದು ಮುಷ್ಟಿಗಾತ್ರದ ಭಾಗವಿದೆ, ಟ್ರನಿಯನ್. ಇಡೀ ಚಕ್ರ ತಿರುಗುವುದು ಅದರ ಥ್ರೆಡ್ಡಿನ ಮೇಲೆ. ಅದಕ್ಕೆ ಹಾಕಬೇಕಾದದ್ದು ಗೇರ್ ಆಯಿಲ್. ಗೊತ್ತಿಲ್ಲದವರು ಗ್ರೀಸ್ ತುಂಬುತ್ತಾರೆ, ಗ್ರೀಸ್ ಗಟ್ಟಿಯಾಗಿ ನೀರು ಒಳಗೇ ಉಳಿಯುತ್ತದೆ, ಒಳಗಿನ ಕಬ್ಬಿಣದ ಥ್ರೆಡ್ ತುಕ್ಕು ಹಿಡಿದು ಒಂದು ದಿನ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಉಸ್ತಾದರು ತಿರುಪು ಬಿಚ್ಚಿ ಎಣ್ಣೆ ಒತ್ತಿದರು. ಬಲಗಡೆಯಿಂದ ಕಪ್ಪು ಎಣ್ಣೆ ಬಂತು. ಎಡಗಡೆಯಿಂದ ಬಂದದ್ದು ಚಹಾದ ಬಣ್ಣದ ನೀರು. ಅದನ್ನು ಹೆಬ್ಬೆರಳಿನಲ್ಲಿ ಉಜ್ಜಿ ನನಗೆ ತೋರಿಸಿ, ಮಾತಾಡದೆ ಪ್ಯಾಂಟಿಗೆ ಒರೆಸಿಕೊಂಡರು. "ಇದು ಸಿಗುತ್ತದೆ ಸಾರ್, ಹೆರಾಲ್ಡ್ ಸಾಮಾನು" ಎಂದರು. ನನಗೆ ಅಷ್ಟೇ ಸಾಕಾಯಿತು, ಮನಸ್ಸಿನಲ್ಲೇ ಟ್ರನಿಯನ್ನಿಗೆ ಪಾಸ್ ಎಂದು ಬರೆದುಕೊಂಡೆ.

ಸಿಲ್ಲಿಗೆ ಹಾಗೆ ಬರೆಯಲಾಗಲಿಲ್ಲ. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಪೆಟ್ಟಿಗೆ ಅದು. ಹೆರಾಲ್ಡ್‌ನಲ್ಲಿ ಚಾಸಿಯೇ ಎರಡೂ ಪಕ್ಕಕ್ಕೆ ಬಂದು ಭಾರ ಹೊರುತ್ತದೆ. ಇದರಲ್ಲಿ ಚಾಸಿ ಬೆನ್ನುಮೂಳೆಯಂತೆ ನಡುವೆ ಮಾತ್ರ, ಪಕ್ಕದ ಬಲವೆಲ್ಲ ಈ ತಗಡಿನದು. ಉಸ್ತಾದರು ಜಾಕ್ ಏರಿಸುವ ಮೊದಲು ಬಾಗಿಲು ಹಾಕಿ ತೋರಿಸಿದರು, ಟಕ್ಕೆಂದು ಕೂತಿತು. ಜಾಕ್ ಏರಿಸಿ ಮತ್ತೆ ಹಾಕಿದರೆ ಬಾಗಿಲು ಚೌಕಟ್ಟಿಗೆ ತಾಗಿ ನಿಂತಿತು. ಕಾರು ಮಧ್ಯದಲ್ಲಿ ಬಗ್ಗುತ್ತಿತ್ತು. ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿದ್ದಕ್ಕೆ ಬಣ್ಣ, ಪುಟ್ಟಿ, ಅದರ ಹಿಂದೆ ಏನೂ ಇಲ್ಲ, ಹಿಡಿಯವರೆಗೆ ಒಳಗೆ ಹೋಯಿತು.

"ಟಿಂಕರಿಂಗ್ ಮಾಡಿ ಮೇಲೆ ಪೇಂಟ್ ಹೊಡೆದರೆ ನಿಮಗೂ ಗೊತ್ತಾಗುವುದಿಲ್ಲ ಸಾರ್. ಸರಿಯಾಗಿ ಮಾಡಬೇಕೆಂದರೆ ಮೈ ಪೂರ್ತಿ ಎತ್ತಬೇಕು. 5 ಲಕ್ಷ, 6 ಲಕ್ಷ. ಒಂದು ವರ್ಷ."

9 ಮತ್ತು 6, 15. ಆದರೂ ಕೇಳಿದೆ, "ಓಡಿಸಿ ನೋಡಬಹುದೇ?"

ತೋಟದ ದಾರಿಯಲ್ಲಿ ಗೇಟಿನವರೆಗೆ ಓಡಿಸಿದೆ. ಮೊಣಕಾಲು ಸ್ಟೀರಿಂಗಿಗೆ ತಾಗುತ್ತಿತ್ತು, ನೆಲ ಕೈಚಾಚಿದರೆ ಸಿಗುವಷ್ಟು ಹತ್ತಿರ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಹತ್ತಿರದ ಇಳಿಜಾರಿನ ತಿರುವಿನಲ್ಲಿ ಸ್ವಲ್ಪ ಜೋರಾಯಿತೆಂದು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಹಿಂಭಾಗ ಸರ್ರೆಂದು ಪಕ್ಕಕ್ಕೆ ಹೋಗಿ ಮತ್ತೆ ಬಂತು. ಹಿಂದಿನ ಚಕ್ರಗಳ ಕಟ್ಟೇ ಹಾಗಂತೆ: ತಿರುವಿನಲ್ಲಿ ಕಾಲು ತೆಗೆದರೆ ಕಾರಿನ ಹಿಂದಿನ ಭಾಗ ಮೇಲೇಳುತ್ತದೆ, ಚಕ್ರಗಳು ಒಳಕ್ಕೆ ಮಡಚಿಕೊಂಡು ಹಿಡಿತ ತಪ್ಪುತ್ತದೆ. ನಾನು ಕಾಫಿ ಗಿಡದೊಳಗೆ ಹೋಗದೆ ಉಳಿದದ್ದು 20ರ ವೇಗದಲ್ಲಿ ಇದ್ದುದರಿಂದ. ಎಷ್ಟಿತ್ತೆಂದು ನೋಡಲು ಕಣ್ಣು ನಡುವಿನ ಮೀಟರಿಗೆ ಹೋಯಿತು. ಮುಳ್ಳು ಸೊನ್ನೆಯಲ್ಲೇ ಮಲಗಿತ್ತು, ಕೇಬಲ್ ತುಂಡಾಗಿತ್ತು.

ಬಂಗಲೆಯ ಜಗಲಿಯಲ್ಲಿ ಅಮ್ಮ ಕಾಫಿ ಕೊಟ್ಟರು. "ಪಲ್ಪರ್ ತಿರುವಿನಲ್ಲಿ ಕಾಲು ತೆಗೆದೆಯಾ? ಇಲ್ಲಿಗೆ ಸದ್ದು ಕೇಳಿಸಿತು. ಅವರೂ ಜೀವಮಾನವಿಡೀ ಅಲ್ಲೇ ಕಾಲು ತೆಗೆಯುತ್ತಿದ್ದರು" ಎಂದರು. ಅವರು ಎಂದರೆ ಸಾಹುಕಾರರು.

ನಾನು ಹೇಳಿದೆ. ಟ್ರನಿಯನ್, ಪೈಪು, ನೋಂದಣಿ ಎಲ್ಲ ಸುತ್ತಿಬಳಸಿ, ಕೊನೆಗೆ ಸಿಲ್ಲು. ಬೇಡ ಅಮ್ಮಾ, ನನ್ನ ಕೈಲಾಗುವುದಿಲ್ಲ ಎಂದೆ. ಹೇಳುವಾಗ ಗಂಟಲು ಕಟ್ಟಿದ್ದನ್ನು ಕಾಫಿ ಬಿಸಿಯಿದೆ ಎಂಬಂತೆ ಮರೆಸಿದೆ. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ, ಬೆಲೆ ಇಳಿಸುತ್ತೇನೆ ಎನ್ನಲೂ ಇಲ್ಲ. ಗೋಡೆಯ ಮೊಳೆಯಿಂದ ಕೀ ತೆಗೆದು, "ಬಾ, ಒಂದು ಸುತ್ತು ಕೂರು" ಎಂದು ಎದ್ದರು. ಎಡಗಡೆಯ ಚಕ್ರ ನೆನಪಿರಲಿ ಎಂದು ಉಸ್ತಾದರು ಓಡಿಬಂದರು. ಗೇಟು ದಾಟುವುದಿಲ್ಲ ಎಂದು ಅಮ್ಮ ಮಾತು ಕೊಟ್ಟರು.

ಗೇಟಿನ ಬಳಿ ತಿರುಗಿಸಿಕೊಳ್ಳುವಾಗ ಮೊದಲ ಹನಿ ಬಿತ್ತು. ದಪ್ಪ ಹನಿ, ಅಡಿಕೆಯಷ್ಟು. ಬಿಸಿ ಮಣ್ಣಿನ ವಾಸನೆ ಒಮ್ಮೆಲೇ ಎದ್ದಿತು. ಈ ಕಾರಿನ ಹುಡ್ ಮಡಚಿಟ್ಟುಕೊಂಡು ಎಳೆಯುವಂಥದ್ದಲ್ಲ. ಡಿಕ್ಕಿಯಿಂದ ಕಬ್ಬಿಣದ ಕಂಬಿಗಳನ್ನು ತೆಗೆದು, ಸಿಕ್ಕಿಸಿ, ಅದರ ಮೇಲೆ ಕ್ಯಾನ್ವಾಸ್ ಹೊದೆಸಿ ಗುಂಡಿ ಹಾಕಬೇಕು. "ಅದನ್ನು ಕಟ್ಟುವಷ್ಟರಲ್ಲಿ ಮಳೆ ನಿಂತಿರುತ್ತದೆ" ಎಂದು ಅಮ್ಮ ಗೇರ್ ಹಾಕಿದರು. ತಲೆಯ ಮೇಲೆ, ತೊಡೆಯ ಮೇಲೆ, ಸತ್ತ ಮೀಟರಿನ ಗಾಜಿನ ಮೇಲೆ ಮಳೆ ಸುರಿಯುತ್ತಿತ್ತು. ಪಲ್ಪರ್ ಮನೆ ಬಂತು. ತಿರುವು ಬಂತು. ನಾನು ಬಾಗಿಲನ್ನು ಗಟ್ಟಿಯಾಗಿ ಹಿಡಿದು ಅವರ ಬಲಗಾಲನ್ನೇ ನೋಡುತ್ತಿದ್ದೆ. ಕಾಲು ಕದಲಲಿಲ್ಲ. ಕಾರು ಹಳಿಯ ಮೇಲೆ ಹೋದಂತೆ ತಿರುಗಿತು.

ಶೆಡ್ಡಿನ ಮುಂದೆ ಉಸ್ತಾದರು ಟಾರ್ಪಾಲು ಹಿಡಿದು ನಿಂತಿದ್ದರು. ನಮ್ಮಿಬ್ಬರನ್ನೂ ಬಿಟ್ಟು ಕಾರಿನ ಸೀಟಿಗೆ ಬಟ್ಟೆ ಒತ್ತತೊಡಗಿದರು.

ಮಳೆ ನಿಂತ ಮೇಲೆ ಅಮ್ಮ ಟವೆಲ್ ಕೊಟ್ಟು, ಜೊತೆಗೆ ಒಂದು ಹಳೆಯ ಮಳೆ ಪುಸ್ತಕವನ್ನೂ ತಂದರು. ಹಿಂದಿನ ಪುಟಗಳಲ್ಲಿ ಅಪ್ಪನ ಅಕ್ಷರ, ನೀಲಿ ಶಾಯಿ ಅಲ್ಲಲ್ಲಿ ಹರಡಿಕೊಂಡಿತ್ತು. ಅಂಗಳದ ಮಾಪಕದಿಂದ ಅಳತೆಯ ಗಾಜಿಗೆ ನೀರು ಬಗ್ಗಿಸಿ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದೆ. 90 ಸೆಂಟು.

"ಇಂಚು ಎಂದೇ ಬರೆಯೋ, ಹೂವು ಹೇಗೂ ಅರಳುತ್ತದೆ" ಎಂದರು ಅಮ್ಮ.

"ಇಲ್ಲ ಅಮ್ಮಾ" ಎಂದು ಪೆನ್ನು ತೆಗೆದೆ. ಜೇಬಿನಲ್ಲಿ ಪಂಪ್‌ಸೆಟ್ಟಿನ ಚೀಟಿ ಒದ್ದೆಯಾಗಿ ಮುದ್ದೆಯಾಗಿತ್ತು.