ಶೇಷ 6

ಐದನೇ ತರಗತಿಯ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ಒಂದೇ ಒಂದು ಭಾಗಾಕಾರ ಇರುತ್ತಿತ್ತು. ನಾವು ಪ್ರಾರ್ಥನೆ ಮುಗಿಸಿ ಒಳಗೆ ಬರುವಷ್ಟರಲ್ಲಿ ಗಣಿತದ ಮೇಷ್ಟ್ರು ಅದನ್ನು ಬರೆದಿಟ್ಟು, ಕಿಟಕಿ ಹತ್ತಿರ ನಿಂತಿರುತ್ತಿದ್ದರು.

ಒಂದು ದಿನದ ಲೆಕ್ಕ ಇವತ್ತಿಗೂ ನೆನಪಿದೆ. 4237ನ್ನು 7ರಿಂದ ಭಾಗಿಸಬೇಕು. ನನ್ನನ್ನೇ ಕರೆದರು. ಏಳಾರ್ಲ ನಲವತ್ತೆರಡು. ಕಳೆದರೆ ಏನೂ ಉಳಿಯಲಿಲ್ಲ. 3 ಇಳಿಸಿದೆ. 3ರಲ್ಲಿ 7 ಹೋಗುವುದಿಲ್ಲ ಅಲ್ವಾ? ಸುಮ್ನೆ ಪಕ್ಕದ 7ನ್ನೂ ಇಳಿಸಿ 37 ಮಾಡಿಕೊಂಡೆ. ಏಳೈದ್ಲ ಮೂವತ್ತೈದು. ಭಾಗಲಬ್ಧ 65, ಶೇಷ 2 ಅಂತ ಬರೆದೆ.

ಮೇಷ್ಟ್ರು ತಪ್ಪು ಅನ್ನಲಿಲ್ಲ. “ತಾಳೆ ನೋಡಪ್ಪಾ” ಅಂದರು. 65ನ್ನು 7ರಿಂದ ಗುಣಿಸಿದೆ, 455. ಶೇಷ ಕೂಡಿಸಿದರೆ 457.

“ನಾನು ನಾಲ್ಕು ಸಾವಿರದ ಚಿಲ್ಲರೆ ತೆಂಗಿನಕಾಯಿ ಕೊಟ್ಟಿದ್ದೆ. ನಿನ್ನ ಹತ್ತಿರ ಬರೀ ನಾನೂರ ಚಿಲ್ಲರೆ ಇದೆ. ಮಿಕ್ಕಿದ್ದು ಎಲ್ಲಿ ಹೋಯ್ತು?”

ಆಮೇಲೆ ಅವರು ಹೇಳಿದ್ದು ಹೀಗೆ. ಆ 42 ಬರೀ ನಲವತ್ತೆರಡಲ್ಲ, 42 ನೂರು. ಏಳು ಜನಕ್ಕೆ ತಲಾ 6 ನೂರು ಹೋಯಿತು. ಈಗ ಕೈಯಲ್ಲಿರುವುದು 3 ಹತ್ತು. ಏಳು ಜನಕ್ಕೆ ಒಂದೊಂದು ಹತ್ತು ಕೊಡಲು ಸಾಲದು. ಹತ್ತರ ಮನೆಯಲ್ಲಿ ಯಾರಿಗೂ ಏನೂ ಸಿಗಲಿಲ್ಲ, ಅದಕ್ಕೇ ಅಲ್ಲಿ ಸೊನ್ನೆ. ಆ 3 ಹತ್ತನ್ನು ಬಿಡಿಸಿದರೆ 30 ಬಿಡಿ, ಜೊತೆಗೆ ಇಳಿದ 7 ಸೇರಿ 37. ಹಾಗಾಗಿ ಉತ್ತರ 605, ಶೇಷ 2. ‘ಇಳಿಸಿಕೊಳ್ಳುವುದು’ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅವತ್ತೇ. ಅಲ್ಲಿಯವರೆಗೆ ಅಂಕಿಗಳನ್ನು ಕೆಳಗೆ ಎಳೆಯುತ್ತಿದ್ದೆ, ಅಷ್ಟೇ.

ಎರಡಂಕಿ ಭಾಜಕ ಬಂದಾಗ ಎಲ್ಲರೂ ಹೆದರಿದೆವು. 1970ನ್ನು 23ರಿಂದ ಭಾಗಿಸುವಾಗ ಮೊದಲ 197ಕ್ಕೆ 9 ಹಾಕಿ ನೋಡಿದರೆ 207 ಬಂತು, ಜಾಸ್ತಿ ಆಯಿತು. 8ಕ್ಕೆ ಇಳಿಯಬೇಕಾಯಿತು. ಅಂದಾಜು ತಪ್ಪಿದರೆ ಅಳಿಸಿ ಮತ್ತೆ ಹಾಕಿ ಅನ್ನುತ್ತಿದ್ದರು, ಬೈಯುತ್ತಿರಲಿಲ್ಲ.

ಆದರೆ ನಾನು ಹೇಳಲೇಬೇಕಾದದ್ದು ಒಂದು ಜನವರಿಯ ಪಾಠ. 1947ರ ಆಗಸ್ಟ್ 15 ಶುಕ್ರವಾರ, ಹಾಗಾದರೆ 1950ರ ಜನವರಿ 26 ಯಾವ ವಾರ ಅಂತ ಕೇಳಿದರು. ಬೆರಳ ಗೆಣ್ಣು ಮುಟ್ಟಿ ಯಾವ ತಿಂಗಳಿಗೆ 30, ಯಾವುದಕ್ಕೆ 31 ಅಂತ ಎಣಿಸಿದೆವು. 1948ರ ಫೆಬ್ರವರಿಗೆ 29 ದಿನ ಅನ್ನುವುದನ್ನು ಮರೆತವರಿಗೆ ಒಟ್ಟು 894 ದಿನ ಬಂತು. ಸರಿಯಾದದ್ದು 895. ಏಳರಿಂದ ಭಾಗಿಸಿದರೆ 127, ಶೇಷ 6.

ಮೇಷ್ಟ್ರು ಅಂಗೈಯಿಂದಲೇ 127 ಅಳಿಸಿಬಿಟ್ಟರು. “ಇಷ್ಟು ವಾರ ಪೂರ್ತಿ ಆದವು, ಮತ್ತೆ ಶುಕ್ರವಾರಕ್ಕೇ ಬಂದು ನಿಂತೆವು. ಈ 6 ನೋಡಿ.” ಶುಕ್ರವಾರದಿಂದ ಆರು ದಿನ ಮುಂದೆ ಎಣಿಸಿದೆವು. ಗುರುವಾರ! ಶೇಷ ಅಂದರೆ ಮೂಲೆಯಲ್ಲಿ ಬರೆದು ಬಿಡುವ ಅಂಕಿ ಅಂದುಕೊಂಡಿದ್ದೆ. ಅವತ್ತು ಅದೇ ಉತ್ತರವಾಗಿತ್ತು.

ಊಟದ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಎಲ್ಲರೂ ಅವರವರು ಹುಟ್ಟಿದ ವಾರ ಹುಡುಕುತ್ತಿದ್ದರು. ನನಗೆ ಸೋಮವಾರ ಬಂತು. ಸಂಜೆ ಮನೆಗೆ ಓಡಿ ಅಮ್ಮನನ್ನು ಕೇಳಿದೆ.

“ಹೂಂ ಕಣೋ, ಅವತ್ತು ಸಂತೆ. ನಿಮ್ಮಪ್ಪನಿಗೆ ಸಂತೆಗೇ ಹೇಳಿ ಕಳಿಸಿದ್ವಿ” ಅಂದರು.