ಹನ್ನೆರಡು ಅಡಿಕೆ

ಸಂಜೆಯ ಬಸ್ ಹೊರಟುಹೋದ ಮೇಲೆ ನಮ್ಮ ಪ್ರೌಢಶಾಲೆಯ ಜಗಲಿಯಲ್ಲಿ ಆರೇಳು ಮಕ್ಕಳು ಉಳಿಯುತ್ತಿದ್ದೆವು. ಗುಡ್ಡ ಹತ್ತಿ ನಡೆದೇ ಮನೆ ಸೇರಬೇಕಾದವರು. ಗಣಿತದ ಮೇಷ್ಟರು ಸೈಕಲ್ಲನ್ನು ಕಂಬಕ್ಕೆ ಒರಗಿಸಿ ನಮ್ಮ ನಡುವೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಆ ಪಾಠಕ್ಕೆ ಶುಲ್ಕವಿರಲಿಲ್ಲ, ಹಾಜರಿಯೂ ಇರಲಿಲ್ಲ.

ನಾನು ಅಲ್ಲಿಗೆ ಸೇರಿದ್ದು ಒಂಬತ್ತನೆಯ ತರಗತಿಯಲ್ಲಿ. ಅದಕ್ಕೂ ಮೊದಲು ಪೇಟೆಯ ಒಂದು ಟ್ಯೂಷನ್ನಿಗೆ ಹೋಗಿ, ನಲವತ್ತು ಮಕ್ಕಳ ನಡುವೆ ಕುಳಿತು, ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕಗಳನ್ನು ನಕಲು ಮಾಡಿಕೊಂಡು ಬಂದಿದ್ದೆ. ನೋಟ್‌ಬುಕ್ ತುಂಬಿತ್ತು. ಪರೀಕ್ಷೆಯಲ್ಲಿ ಅಂಕಿಗಳು ಬದಲಾದ ಕೂಡಲೇ ಕೈ ನಿಂತುಹೋಗುತ್ತಿತ್ತು.

ಮೊದಲ ದಿನ ಮೇಷ್ಟರು ಒಂಬತ್ತನೆಯ ತರಗತಿಯ ಪುಸ್ತಕವನ್ನು ತೆರೆಯಲೇ ಇಲ್ಲ. 1/2 ಕ್ಕೆ 1/3 ಕೂಡಿಸು ಎಂದರು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎಂದು ಬರೆದೆ. ಅವರು ಅದನ್ನು ಹೊಡೆದುಹಾಕಲಿಲ್ಲ.

“ಐದರಲ್ಲಿ ಎರಡು ಪಾಲು ಎಂದರೆ ಅರ್ಧಕ್ಕಿಂತ ಹೆಚ್ಚೋ, ಕಡಿಮೆಯೋ?”

“ಕಡಿಮೆ, ಸರ್.”

“ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ ಮಾರಾಯ?”

ಎಲೆ ಅಡಿಕೆಯ ಚೀಲದಿಂದ ಹನ್ನೆರಡು ಅಡಿಕೆ ಎಣಿಸಿ ಜಗಲಿಯ ಮೇಲೆ ಇಟ್ಟರು. ಅರ್ಧವೆಂದರೆ ಆರು, ಮೂರರಲ್ಲೊಂದು ಪಾಲೆಂದರೆ ನಾಲ್ಕು, ಒಟ್ಟು ಹತ್ತು. ಹನ್ನೆರಡರಲ್ಲಿ ಹತ್ತು, ಅಂದರೆ 5/6. “ಹನ್ನೆರಡನ್ನೇ ಏಕೆ ತೆಗೆದೆ ಎಂದು ನಾಳೆ ಹೇಳು” ಎಂದು ಸೈಕಲ್ ಹತ್ತಿದರು.

ಗುಡ್ಡ ಹತ್ತುವಾಗ ಐದು ಅಡಿಕೆ ಇಟ್ಟು ನೋಡಿದೆ, ಹತ್ತು ಇಟ್ಟು ನೋಡಿದೆ, ಎಲ್ಲವೂ ಮನಸ್ಸಿನಲ್ಲೇ. ಐದರಲ್ಲಿ ಅರ್ಧ ಬರುವುದಿಲ್ಲ. ಹತ್ತನ್ನು ಮೂರು ಪಾಲು ಮಾಡಲಾಗುವುದಿಲ್ಲ. ಮರುದಿನ “ಆರು ಅಡಿಕೆ ಇದ್ದರೂ ಸಾಕಿತ್ತು, ಸರ್” ಎಂದೆ. ಮೇಷ್ಟರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕಂಡುಹಿಡಿಯುವ ಕ್ರಮ ನನಗೆ ಎಷ್ಟೋ ವರ್ಷದಿಂದ ಬಾಯಿಪಾಠವಾಗಿತ್ತು. ಅದು ಏತಕ್ಕೆ ಬೇಕು ಎಂಬುದು ತಿಳಿದದ್ದು ಆ ಗುಡ್ಡದ ದಾರಿಯಲ್ಲಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಲೆಕ್ಕ ಬರೆಯುವುದು ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರ ಗುಣಾಕಾರಗಳನ್ನು ಮೇಷ್ಟರು ಕತ್ತಲಲ್ಲೇ ಹೇಳುತ್ತಿದ್ದರು. 152207 ನ್ನು 73 ರಿಂದ ಗುಣಿಸಿದರೆ ಬರುವುದು 11111111, ಎಂಟು ಒಂದುಗಳು. 142857143 ನ್ನು 7 ರಿಂದ ಗುಣಿಸಿದರೆ ಎರಡು ತುದಿಗೂ ಒಂದು, ನಡುವೆಲ್ಲ ಸೊನ್ನೆ. ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಸಂಖ್ಯೆಗಳು. ಮನೆಗೆ ಹೋಗಿ ದೀಪದ ಬೆಳಕಿನಲ್ಲಿ ಗುಣಿಸಿ ನೋಡದೆ ಮಲಗಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಹತ್ತನೆಯ ತರಗತಿಗೆ ಬಂದಾಗ ಎಂಟನೆಯವರಿಗೆ ಹೇಳಿಕೊಡುವ ಕೆಲಸವನ್ನು ನನಗೇ ಒಪ್ಪಿಸಿದರು. ಋಣವನ್ನು ಋಣದಿಂದ ಗುಣಿಸಿದರೆ ಧನ ಏಕೆ ಎಂದು ಒಬ್ಬ ಹುಡುಗ ಕೇಳಿದ. ಅದು ನಿಯಮ ಎಂದೆ. “ನಿಯಮ ಅವನ ಪುಸ್ತಕದಲ್ಲೂ ಇದೆ” ಎಂದು ಹಿಂದಿನಿಂದ ಮೇಷ್ಟರ ದನಿ ಕೇಳಿತು. ಅಂದು ರಾತ್ರಿ ಬಹಳ ಹೊತ್ತು ಕುಳಿತೆ. ಮರುದಿನ −3 ನ್ನು 2, 1, 0 ಇವುಗಳಿಂದ ಸಾಲಾಗಿ ಗುಣಿಸಿ ಬರೆದು ತೋರಿಸಿದೆ: −6, −3, 0. ಹೆಜ್ಜೆಗೆ ಮೂರರಂತೆ ಮೇಲೇರುತ್ತಿದೆ. ಸೊನ್ನೆಯಿಂದ ಇನ್ನೊಂದು ಹೆಜ್ಜೆ ಇಳಿದು −1 ರಿಂದ ಗುಣಿಸಿದರೆ? ಹುಡುಗ ನನಗಿಂತ ಮೊದಲು “ಮೂರು!” ಎಂದು ಕೂಗಿದ.

ಈಗ ಬೆಂಗಳೂರಿನ ನನ್ನ ಮನೆಗೆ ಭಾನುವಾರ ನೆರೆಯ ಮೂವರು ಮಕ್ಕಳು ಬರುತ್ತಾರೆ. ಎರಡು ಸಂಖ್ಯೆಗಳ ಮೊತ್ತದ ವರ್ಗವೆಂದರೆ ವರ್ಗಗಳ ಮೊತ್ತವೇ ಎಂದು ಒಬ್ಬ ಹುಡುಗಿ ಬರೆದಿದ್ದಳು. 3 ಮತ್ತು 4 ಇಟ್ಟು ನೋಡು ಎಂದೆ. ಒಂದು ಕಡೆ 49, ಇನ್ನೊಂದು ಕಡೆ 25. ಉಳಿದ 24 ಎಲ್ಲಿ ಹೋಯಿತೆಂದು ಅವಳು ಪೆನ್ಸಿಲ್ ಕಚ್ಚುತ್ತಾ ಕುಳಿತಳು. ನಾನು ತಡೆಯಲಾರದೆ ಪ್ರತಿ ಬದಿಗೂ ಏಳು ಮನೆಗಳಿರುವ ಚೌಕ ಬರೆದು, ಹನ್ನೆರಡು ಹನ್ನೆರಡು ಮನೆಗಳ ಎರಡು ಆಯತಗಳನ್ನು ತೋರಿಸಿಬಿಟ್ಟೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ, ನಿವೃತ್ತರಾಗಿರುವ ಮೇಷ್ಟರಿಗೆ ಇದನ್ನೆಲ್ಲ ಹೇಳಿದೆ. ಅಡಿಕೆ ಕತ್ತರಿಸುತ್ತಾ ಕೇಳಿಸಿಕೊಂಡರು.

“ಎಷ್ಟು ಹೊತ್ತು ಬಿಟ್ಟಿದ್ದೆ ಅವಳನ್ನು?”

“ಎರಡು ನಿಮಿಷ ಇರಬಹುದು, ಸರ್.”

“ನಿನ್ನನ್ನು ಒಂದು ರಾತ್ರಿ ಬಿಟ್ಟಿದ್ದೆ” ಎಂದು ಅಡಿಕೆಯ ಹೋಳನ್ನು ನನ್ನ ಅಂಗೈಗೆ ಹಾಕಿದರು.