ಹಿಮಕ್ಕಿಂತ ಗಾಳಿಗೆ ಹೆದರಬೇಕು

ಜನವರಿ 12, 2026, ಸೋಮವಾರ

ಈ ತಾರೀಖು ಬಂದಾಗಲೆಲ್ಲ ನನಗೆ 1888ರ ಆ ಮಧ್ಯಾಹ್ನ ನೆನಪಾಗುತ್ತದೆ. ಅಮೆರಿಕದ ನೆಬ್ರಾಸ್ಕಾ, ಡಕೋಟಾ ಬಯಲಿನಲ್ಲಿ ಅಂದು ಬೆಳಿಗ್ಗೆ ಚಳಿ ಬಿಟ್ಟೇ ಹೋದಂತಿತ್ತು. ಎಷ್ಟೋ ಮಕ್ಕಳು ದಪ್ಪ ಕೋಟನ್ನು ಮನೆಯಲ್ಲೇ ಬಿಟ್ಟು ಶಾಲೆಗೆ ನಡೆದರು. ಶಾಲೆ ಬಿಡುವ ಹೊತ್ತಿಗೆ ಬಂದೆರಗಿದ ಹಿಮಬಿರುಗಾಳಿಗೆ ಬಲಿಯಾದವರು ಸುಮಾರು 235 ಮಂದಿ. ಮನೆಗೆಂದು ಹೊರಟಿದ್ದ ಮಕ್ಕಳೇ ಅವರಲ್ಲಿ ಬಹಳ.

ಆ ಬೆಚ್ಚನೆಯ ಬೆಳಗೂ ಬಿರುಗಾಳಿಯದೇ ಒಂದು ಭಾಗ ಎಂಬುದು ನನ್ನನ್ನು ಕಾಡುತ್ತದೆ. ಧ್ರುವದ ಕಡೆಯಿಂದ ಒಣಗಿದ, ಭಾರವಾದ ಶೀತಗಾಳಿ ಇಳಿದು ಬರುತ್ತದೆ. ದಕ್ಷಿಣದಿಂದ ತೇವ ತುಂಬಿದ ಬೆಚ್ಚನೆಯ ಗಾಳಿ. ಎರಡೂ ಎದುರಾದಲ್ಲಿ ಹಗುರವಾದದ್ದು ಮೇಲೇರಿ ತಣಿಯುತ್ತದೆ, ಅದರ ತೇವ ಹಿಮವಾಗುತ್ತದೆ, ಕೆಳಗೆ ವಾಯುಭಾರ ಕುಸಿಯುತ್ತದೆ. ಕುಸಿತ ಹೆಚ್ಚಿದಷ್ಟೂ ಸುತ್ತಲಿನ ಗಾಳಿ ಅತ್ತ ನುಗ್ಗುವ ರಭಸವೂ ಹೆಚ್ಚು. ಈ ಕುಸಿತ ಬರುವ ಮೊದಲು ಊರಿಗೆ ಬೀಸುವುದು ದಕ್ಷಿಣದ ಹಿತವಾದ ಗಾಳಿ. ಅದು ದಾಟಿತೋ, ಬೆನ್ನಹಿಂದೆಯೇ ಶೀತ.

ಹಿಮ ಎಷ್ಟು ಬಿತ್ತು ಎಂದೇ ಎಲ್ಲರೂ ಕೇಳುತ್ತಾರೆ. ಅಮೆರಿಕದ ಹವಾಮಾನ ಸೇವೆಯ ಲೆಕ್ಕದಲ್ಲಿ ಆ ಪ್ರಶ್ನೆಯೇ ಇಲ್ಲ. ಗಾಳಿಯ ವೇಗ ಗಂಟೆಗೆ 56 ಕಿ.ಮೀ. ಮುಟ್ಟಿ, ಹಾರುವ ಹಿಮದಿಂದ 400 ಮೀಟರ್ ದೂರವೂ ಕಾಣದೆ, ಮೂರು ಗಂಟೆ ಹಾಗೇ ಮುಂದುವರಿದರೆ ಅದು ಹಿಮಬಿರುಗಾಳಿ. ಆಕಾಶದಿಂದ ಹೊಸದಾಗಿ ಏನೂ ಬೀಳಬೇಕಿಲ್ಲ, ಮೊದಲೇ ನೆಲದ ಮೇಲೆ ಬಿದ್ದದ್ದನ್ನು ಗಾಳಿ ಎಬ್ಬಿಸಿದರೂ ಸಾಕು. ಹಾಗೆ ಎದ್ದ ಹರಳುಗಳು ನೆಲಕ್ಕೆ ಬಡಿದು, ಪುಟಿದು, ಮತ್ತೆ ಬಡಿದು, ತುದಿಗಳೆಲ್ಲ ಮುರಿದು ಜರಡಿ ಹಿಡಿದ ಹಿಟ್ಟಿನಷ್ಟು ನುಣ್ಣಗಾಗುತ್ತವೆ. ಕಾಲರಿನೊಳಗೆ, ಮೂಗಿನೊಳಗೆ, ರೆಪ್ಪೆಗಳ ಸಂದಿಗೆ ನುಗ್ಗುತ್ತವೆ. ರೆಪ್ಪೆಯ ಮೇಲೆ ಕರಗಿದ್ದು ಮತ್ತೆ ಹೆಪ್ಪುಗಟ್ಟಿ ಕಣ್ಣು ಅಂಟಿಕೊಳ್ಳುತ್ತದೆ. ಬಿಡಿಸಿಕೊಂಡು ನೋಡಿದರೂ ನೆಲ ಯಾವುದು, ಆಕಾಶ ಯಾವುದು ತಿಳಿಯದು. ಆ ಬಯಲಿನ ರೈತರು ಮನೆಯಿಂದ ಕೊಟ್ಟಿಗೆಯವರೆಗೆ ಹಗ್ಗ ಕಟ್ಟಿ, ಅದನ್ನೇ ಹಿಡಿದು ನಡೆಯುತ್ತಿದ್ದುದು ಇದಕ್ಕೇ.

ಮೈನಸ್ 20 ಡಿಗ್ರಿ ಚಳಿಯಲ್ಲಿ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಮುಚ್ಚದ ಮೈಗೆ ಅದು ಮೈನಸ್ 35. ದೇಹದೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗೆ ಜಾರತೊಡಗಿದರೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಇನ್ನೂ ಇಳಿದರೆ ನಡುಕವೂ ನಿಂತುಹೋಗುತ್ತದೆ. ಕೆಲವರು ಸೆಕೆಯೆಂದು ಮೈಮೇಲಿನ ಬಟ್ಟೆಯನ್ನೇ ಕಿತ್ತೆಸೆಯುತ್ತಾರೆ. ಕಾರಿನಲ್ಲಿ ಸಿಕ್ಕಿಕೊಂಡವರಿಗೆ ಇನ್ನೊಂದು ಅಪಾಯ. ಹಿಮ ಸೈಲೆನ್ಸರ್ ಪೈಪನ್ನು ಮುಚ್ಚಿತೆಂದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಳ್ಳುತ್ತದೆ. ಪೈಪಿನ ಬಾಯಿ ಬಿಡಿಸಿ, ಕಿಟಕಿ ಸ್ವಲ್ಪ ಇಳಿಸಿ, ಗಂಟೆಗೆ ಹತ್ತು ನಿಮಿಷದಷ್ಟೇ ಎಂಜಿನ್ ಓಡಿಸಬೇಕು. ಸಹಾಯ ಹುಡುಕಿಕೊಂಡು ಕಾರು ಬಿಟ್ಟು ನಡೆಯಲೇಬಾರದು.

ನನಗೆ ದುಃಖಕ್ಕಿಂತ ಸಿಟ್ಟು ತರಿಸುವುದು 2014ರ ಅಕ್ಟೋಬರ್. ಬಂಗಾಳ ಕೊಲ್ಲಿಯ ಹುದ್‌ಹುದ್ ಚಂಡಮಾರುತ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದೇ ತೇವ ಎರಡು ದಿನದ ಮೇಲೆ ನೇಪಾಳದ ಅನ್ನಪೂರ್ಣ ಸೀಮೆಯಲ್ಲಿ, 5,416 ಮೀಟರ್ ಎತ್ತರದ ಥೊರೊಂಗ್ ಲಾ ದಾರಿಯಲ್ಲಿ ಹಿಮಬಿರುಗಾಳಿಯಾಗಿ ಸುರಿಯಿತು. ಚಾರಣದ ಕಾಲ, ಜನ ದಂಡಿಯಾಗಿದ್ದರು. ಬಿರುಗಾಳಿಗೂ ಹಿಮಕುಸಿತಕ್ಕೂ ಸಿಕ್ಕಿ 40ಕ್ಕೂ ಹೆಚ್ಚು ಮಂದಿ ಸತ್ತರು. ಚಂಡಮಾರುತ ಕಡಲಿನಲ್ಲಿದ್ದಾಗಲೇ ಅದರ ಸುದ್ದಿ ಎಲ್ಲೆಡೆ ಇತ್ತು, ಬೆಟ್ಟ ಹತ್ತುತ್ತಿದ್ದ ಅನೇಕರಿಗೆ ಮಾತ್ರ ಎಚ್ಚರಿಕೆ ಮುಟ್ಟಿರಲಿಲ್ಲ. ದಾರಿಯ ಲಾಡ್ಜುಗಳ ಗೋಡೆಗೆ ಒಂದು ಚೀಟಿ ಅಂಟಿಸಿದ್ದರೂ ಅವರಲ್ಲಿ ಎಷ್ಟೋ ಜನ ಆ ದಿನ ಮೇಲೆ ಹೊರಡುತ್ತಿರಲಿಲ್ಲ.